ದಿನಕ್ಕೆ ಸಾವಿರಾರು ವ್ಯಾಗನ್, ಹತ್ತಲು ಒಂದು ರೈಲೂ ಇಲ್ಲ: ನೆಬ್ರಾಸ್ಕಾದ ನಾರ್ತ್ ಪ್ಲಾಟ್ ಬಗ್ಗೆ ಗೊತ್ತಿದ್ದವರು ಹೇಳಿ

ಹೆದ್ದಾರಿ ಹೈದ
ಎಲ್ಲರಿಗೂ ನಮಸ್ಕಾರ. ಒಮಾಹಾದಿಂದ ಡೆನ್ವರ್‌ಗೆ ಕಾರಿನಲ್ಲಿ ಹೋಗುವಾಗ ನಡುವೆ ನಾರ್ತ್ ಪ್ಲಾಟ್ ಅನ್ನುವ ಊರಲ್ಲಿ ಒಂದು ರಾತ್ರಿ ಉಳಿದೆವು. ಊರಿನ ಜನಸಂಖ್ಯೆ 2020ರ ಗಣತಿಯಲ್ಲಿ 23,390. ನಮ್ಮ ಕಡೆ ಒಂದು ಸಣ್ಣ ತಾಲ್ಲೂಕು ಕೇಂದ್ರದಷ್ಟು. ಆದರೆ ಪ್ರಪಂಚದಲ್ಲೇ ದೊಡ್ಡ ರೈಲ್ವೆ ಯಾರ್ಡ್ ಇರುವುದು ಇಲ್ಲಿ ಅಂತೆ. ರಾತ್ರಿಯಿಡೀ ಗೂಡ್ಸ್ ಗಾಡಿಗಳ ಹಾರ್ನ್ ಕೇಳುತ್ತಲೇ ಇತ್ತು. ಸ್ಟೇಷನ್ ನೋಡೋಣ ಅಂತ ಬೆಳಗ್ಗೆ ದಾರಿ ಕೇಳಿದರೆ, ಮೋಟೆಲ್ ಕೌಂಟರಿನ ಹುಡುಗಿ ನಕ್ಕುಬಿಟ್ಟಳು. ಸ್ಟೇಷನ್ನೇ ಇಲ್ಲವಂತೆ!

ರೈಲಿನಿಂದಲೇ ಹುಟ್ಟಿದ ಊರಿಗೆ ಈ ಗತಿ ಹೇಗೆ ಬಂತು? ಇಷ್ಟು ಚಿಕ್ಕ ಊರಿಗೆ ಅಷ್ಟು ದೊಡ್ಡ ಯಾರ್ಡ್ ಯಾಕೆ? ಗೂಗಲ್ ಮಾಡು ಅನ್ನಬೇಡಿ, ಮಾಡಿ ತಲೆ ಕೆಟ್ಟೇ ಇಲ್ಲಿಗೆ ಬಂದಿದ್ದೇನೆ.

ಬೂದು ಬೆಕ್ಕು
ಡೇರಿ ಪಕ್ಕದಲ್ಲೇ ಮನೆ, ಕಾಫಿಗೆ ಮಾತ್ರ ಹಾಲಿಲ್ಲ.

ಒಮಾಹಾ ವಾಸಿ
ಸ್ಟೇಷನ್ ಕಥೆ ಸುಲಭ. ಒಂದು ಕಾಲದಲ್ಲಿ ಯೂನಿಯನ್ ಪೆಸಿಫಿಕ್ ಕಂಪನಿಯ ದೊಡ್ಡ ದೊಡ್ಡ ಪ್ಯಾಸೆಂಜರ್ ಗಾಡಿಗಳೆಲ್ಲ ಅಲ್ಲಿ ನಿಲ್ಲುತ್ತಿದ್ದವು. ಆಮೇಲೆ ಕಾರು, ಹೆದ್ದಾರಿ, ವಿಮಾನ ಬಂದವು. ಪ್ಯಾಸೆಂಜರ್ ಗಾಡಿ ಓಡಿಸುವುದು ಎಲ್ಲ ಕಂಪನಿಗಳಿಗೂ ನಷ್ಟದ ಬಾಬತ್ತಾಯಿತು. ಕೊನೆಗೆ ಸರ್ಕಾರವೇ ಆಮ್‌ಟ್ರಾಕ್ ಅನ್ನುವ ಪ್ಯಾಸೆಂಜರ್ ರೈಲು ಕಂಪನಿ ಮಾಡಿ 1971ರ ಮೇ 1ರಿಂದ ಆ ಹೊರೆ ಹೊತ್ತುಕೊಂಡಿತು. ಹೊತ್ತುಕೊಳ್ಳುವಾಗ ಎಲ್ಲ ದಾರಿಯನ್ನೂ ಉಳಿಸಿಕೊಳ್ಳಲಿಲ್ಲ. ಒಮಾಹಾದಿಂದ ಡೆನ್ವರ್‌ಗೆ ಬರ್ಲಿಂಗ್ಟನ್ ಕಂಪನಿಯ ದಕ್ಷಿಣದ ದಾರಿ ಹಿಡಿದರು. ನಾರ್ತ್ ಪ್ಲಾಟ್ ಕೈಬಿಟ್ಟು ಹೋಯಿತು. 1973ರಲ್ಲಿ ಸ್ಟೇಷನ್ ಕಟ್ಟಡವನ್ನೂ ಕೆಡವಿದರು.

ಈಗ ರೈಲೇ ಹತ್ತಬೇಕು ಅಂದರೆ ದಕ್ಷಿಣಕ್ಕೆ ನೂರು ಕಿಲೋಮೀಟರಿಗೂ ಜಾಸ್ತಿ ಹೋಗಿ ಮೆಕುಕ್‌ನಲ್ಲಿ ಕ್ಯಾಲಿಫೋರ್ನಿಯಾ ಝೆಫಿರ್ ಹಿಡಿಯಬೇಕು. ಅದೂ ನಡುರಾತ್ರಿ ಕಳೆದ ಮೇಲೆ.

ಲೋಕೋ ಪ್ರೇಮಿ
ಯಾರ್ಡ್ ಬಗ್ಗೆ ನಾನು ಹೇಳುತ್ತೇನೆ, ಬೇರೆ ಯಾರೂ ಬಾಯಿ ಹಾಕಬೇಡಿ 😄

ಹೆಸರು ಬೇಲಿ ಯಾರ್ಡ್. ಯೂನಿಯನ್ ಪೆಸಿಫಿಕ್ ಅಧ್ಯಕ್ಷನಾಗಿದ್ದ ಎಡ್ ಬೇಲಿ ಹೆಸರು ಇಟ್ಟಿದ್ದಾರೆ. ಉದ್ದ ಸುಮಾರು 8 ಮೈಲಿ, ಅಂದರೆ 13 ಕಿಲೋಮೀಟರ್ ಹತ್ತಿರ. ವಿಸ್ತೀರ್ಣ 2,850 ಎಕರೆ. ಒಳಗಿರುವ ಹಳಿಗಳನ್ನೆಲ್ಲ ಸಾಲಾಗಿ ಜೋಡಿಸಿದರೆ 300 ಮೈಲಿ ದಾಟುತ್ತದೆ. ಪೂರ್ವಕ್ಕೆ ಹೋಗುವ ವ್ಯಾಗನ್‌ಗಳಿಗೆ ಒಂದು ದಿಬ್ಬ, ಪಶ್ಚಿಮಕ್ಕೆ ಹೋಗುವವಕ್ಕೆ ಇನ್ನೊಂದು. ಒಂದು 34 ಅಡಿ ಎತ್ತರ, ಇನ್ನೊಂದು 20 ಅಡಿ. 1995ರಲ್ಲಿ ಗಿನ್ನೆಸ್ ದಾಖಲೆಗೂ ಸೇರಿತು.

ಊರು ಚಿಕ್ಕದು, ಯಾರ್ಡ್ ದೊಡ್ಡದು ಅಂತ ಆಶ್ಚರ್ಯ ಪಡುವುದರಲ್ಲಿ ಅರ್ಥ ಇಲ್ಲ. ಯಾರ್ಡ್‌ಗೆ ಜನ ಬೇಡ, ಜಾಗ ಬೇಕು. ಸಮತಟ್ಟಾದ, ಅಗ್ಗದ, ಎರಡೂ ಕಡೆಯ ಗಾಡಿಗಳು ಸೇರುವ ಜಾಗ. ಈ ದಾರಿಯಲ್ಲಿ ಪಶ್ಚಿಮದಿಂದ ಬರುವ ಗಾಡಿಗಳು ಪ್ಲಾಟ್ ನದಿಯ ಕಣಿವೆಗೇ ಇಳಿದು ಬರಬೇಕು. ವಯೋಮಿಂಗ್‌ನ ಪೌಡರ್ ನದಿ ಕಡೆಯ ಕಲ್ಲಿದ್ದಲಿಗೂ ಇದೇ ದಾರಿ. ಚಿಕಾಗೋದಲ್ಲಿ ಇಂಥ ಜಾಗ ಯಾರು ಕೊಡುತ್ತಾರೆ?

ಅರಸೀಕೆರೆ ಜಂಕ್ಷನ್
ದಿಬ್ಬ ಅಂದ್ರೆ ಏನು ಅಂತ ಬೇರೆಯವರಿಗೂ ಬಿಡಿಸಿ ಹೇಳಿ ಸರ್. ನಮ್ಮ ತಂದೆ ಗಾರ್ಡ್ ಆಗಿದ್ದರು, ನನಗೆ ಅಲ್ಪಸ್ವಲ್ಪ ಗೊತ್ತು. ಇಲ್ಲಿ ಸಾಫ್ಟ್‌ವೇರ್‌ನವರೇ ಜಾಸ್ತಿ.

ಲೋಕೋ ಪ್ರೇಮಿ
@ಅರಸೀಕೆರೆ ಆಯ್ತು. ಒಂದು ಗಾಡಿ ಬಂತು ಅಂದುಕೊಳ್ಳಿ. ನೂರು ವ್ಯಾಗನ್. ಹತ್ತು ಸಿಯಾಟಲ್‌ಗೆ, ಇಪ್ಪತ್ತು ಲಾಸ್ ಏಂಜಲೀಸ್‌ಗೆ, ಉಳಿದದ್ದು ಎಲ್ಲೆಲ್ಲಿಗೋ. ಎಲ್ಲ ಕಲಸಿಕೊಂಡಿವೆ. ಹಿಂದಿನಿಂದ ಎಂಜಿನ್ ನಿಧಾನಕ್ಕೆ ಇಡೀ ಗಾಡಿಯನ್ನು ದಿಬ್ಬಕ್ಕೆ ತಳ್ಳುತ್ತದೆ. ನೆತ್ತಿಯ ಹತ್ತಿರ ಒಬ್ಬ ಕೊಂಡಿಯ ಪಿನ್ ಎಳೆಯುತ್ತಾನೆ. ವ್ಯಾಗನ್ ಬಿಡಿಸಿಕೊಂಡು ತನ್ನ ಭಾರಕ್ಕೆ ತಾನೇ ಇಳಿಜಾರಿನಲ್ಲಿ ಉರುಳುತ್ತದೆ. ಎಂಜಿನ್ ಇಲ್ಲ, ಡ್ರೈವರ್ ಇಲ್ಲ.

ಕೆಳಗೆ ಹಳಿ ಬದಲಿಸುವ ಪಾಯಿಂಟ್‌ಗಳನ್ನು ಕಂಪ್ಯೂಟರ್ ತಿರುಗಿಸುತ್ತದೆ. ಸಿಯಾಟಲ್ ವ್ಯಾಗನ್ ಸಿಯಾಟಲ್ ಸಾಲಿಗೇ ಹೋಗಿ ಸೇರುತ್ತದೆ. ವೇಗ ಜಾಸ್ತಿಯಾದರೆ ಹಳಿಯ ಪಕ್ಕದ ರಿಟಾರ್ಡರ್ ಪಟ್ಟಿಗಳು ಚಕ್ರವನ್ನು ಎರಡೂ ಕಡೆಯಿಂದ ಹಿಂಡಿ ಹಿಡಿಯುತ್ತವೆ. ಆಗ ಒಂದು ಕೀರಲು ಸದ್ದು ಬರುತ್ತದೆ ನೋಡಿ, ಹಲ್ಲು ಜುಮ್ ಅನ್ನುತ್ತದೆ. ಕೊನೆಗೆ ನಿಂತಿರುವ ವ್ಯಾಗನ್‌ಗೆ ಧಡ್ ಅಂತ ತಾಗಿ ಕೊಂಡಿ ತಾನೇ ಕಚ್ಚಿಕೊಳ್ಳುತ್ತದೆ. ಹಗಲೂ ರಾತ್ರಿ ಇದೇ ಕೆಲಸ.

ಬೂದು ಬೆಕ್ಕು
ಆ ಪಿನ್ ಎಳೆಯುವ ಕೆಲಸಕ್ಕೆ ಅರ್ಜಿ ಎಲ್ಲಿ ಹಾಕಬೇಕು?

ಚರಿತ್ರೆ ಟೀಚರ್
ಊರು ಹುಟ್ಟಿದ ಕಥೆಯನ್ನು ಯಾರೂ ಹೇಳಲಿಲ್ಲವಲ್ಲ. ಸ್ವಲ್ಪ ಉದ್ದ ಇದೆ, ತಾಳ್ಮೆ ಇರಲಿ.

1862ರಲ್ಲಿ ಪೆಸಿಫಿಕ್ ರೈಲ್ವೆ ಕಾಯ್ದೆ ಬಂತು. ಪೂರ್ವದಿಂದ ಯೂನಿಯನ್ ಪೆಸಿಫಿಕ್, ಕ್ಯಾಲಿಫೋರ್ನಿಯಾದಿಂದ ಸೆಂಟ್ರಲ್ ಪೆಸಿಫಿಕ್, ಎರಡೂ ಎದುರುಬದುರಾಗಿ ಹಳಿ ಹಾಕಿಕೊಂಡು ಬರಬೇಕು. ಯೂನಿಯನ್ ಪೆಸಿಫಿಕ್ ಒಮಾಹಾದಿಂದ ಹೊರಟು ಪ್ಲಾಟ್ ನದಿಯ ದಂಡೆ ಹಿಡಿದು 1866ರ ಕೊನೆಗೆ ಉತ್ತರ ಪ್ಲಾಟ್, ದಕ್ಷಿಣ ಪ್ಲಾಟ್ ಎರಡೂ ನದಿ ಕೂಡುವ ಜಾಗಕ್ಕೆ ಬಂತು. ಕಂಪನಿಯ ಮುಖ್ಯ ಎಂಜಿನಿಯರ್ ಗ್ರೆನ್ವಿಲ್ ಡಾಜ್ ಅಲ್ಲೇ ಊರಿನ ನಕ್ಷೆ ಹಾಕಿಸಿದ. ಚಳಿಗಾಲ ಶುರುವಾಯಿತು, ಕೆಲಸ ನಿಂತಿತು. ಹಳಿ ಹಾಕುವ ಗುತ್ತಿಗೆ ಹಿಡಿದಿದ್ದ ಕೇಸ್‌ಮೆಂಟ್ ಅಣ್ಣತಮ್ಮಂದಿರ ಕೂಲಿಗಳು ಅಲ್ಲೇ ಬೀಡುಬಿಟ್ಟರು. ಅವರ ಹಿಂದೆಯೇ ಸಾರಾಯಿ ಅಂಗಡಿ, ಜೂಜುಕಟ್ಟೆ, ಇನ್ನೂ ಏನೇನೋ ಬಂತು. ಒಂದು ಚಳಿಗಾಲಕ್ಕೆ ಸಾವಿರಗಟ್ಟಲೆ ಜನ.

1867ರಲ್ಲಿ ಹಳಿ ಮುಂದೆ ಹೋಯಿತು. ಡೇರೆಗಳೂ ಅಂಗಡಿಗಳೂ ಗಂಟು ಕಟ್ಟಿಕೊಂಡು ಪಶ್ಚಿಮದ ಜೂಲ್ಸ್‌ಬರ್ಗ್‌ಗೆ ಹೊರಟವು. ನಾರ್ತ್ ಪ್ಲಾಟ್‌ನಲ್ಲಿ ಉಳಿದದ್ದು ಕೆಲವು ನೂರು ಜನ. ಇಂಥ ಊರುಗಳು ಆ ದಾರಿಯಲ್ಲಿ ಎಷ್ಟೋ ಹುಟ್ಟಿದವು. ವಯೋಮಿಂಗ್‌ನ ಬೆಂಟನ್ 1868ರಲ್ಲಿ ಹುಟ್ಟಿ ಕೆಲವೇ ತಿಂಗಳಲ್ಲಿ ಹೇಳಹೆಸರಿಲ್ಲದೆ ಹೋಯಿತು. ನಾರ್ತ್ ಪ್ಲಾಟ್ ಯಾಕೆ ಉಳಿಯಿತು? ನೆಲ ಚೆನ್ನಾಗಿತ್ತು ಅಂತಲ್ಲ, ಜನ ಧೈರ್ಯಶಾಲಿಗಳು ಅಂತಲೂ ಅಲ್ಲ. ಕಂಪನಿ ಅಲ್ಲಿ ರೌಂಡ್‌ಹೌಸ್ (ಎಂಜಿನ್ ನಿಲ್ಲಿಸುವ ದುಂಡನೆಯ ಶೆಡ್) ಮತ್ತು ರಿಪೇರಿ ಶಾಪ್ ಕಟ್ಟಿತು. ಉಗಿ ಎಂಜಿನ್‌ಗೆ ಅಲ್ಲಲ್ಲಿ ನೀರು, ಕಲ್ಲಿದ್ದಲು, ಎಣ್ಣೆ ಬೇಕು. ಇಷ್ಟಿಷ್ಟು ದೂರಕ್ಕೆ ಎಂಜಿನ್ನೂ ಬದಲಾಗಬೇಕು, ಸಿಬ್ಬಂದಿಯೂ ಬದಲಾಗಬೇಕು. ಅದಕ್ಕೆ ಗೊತ್ತುಮಾಡಿದ ಜಾಗ ಇದು. ಒಮಾಹಾದಲ್ಲಿ ಕೂತು ನಕ್ಷೆ ಮೇಲೆ ಒಂದು ಗುರುತು ಹಾಕಿದರು, ಊರು ಬದುಕಿತು.

ಮಂಡ್ಯ ಮಾವ
ಹಳಿ ಹಾಕಿದ್ದು ಚೀನೀ ಕೂಲಿಗಳಲ್ವಾ? ಅವರ ಹೆಸರನ್ನೇ ಎತ್ತಲಿಲ್ಲವಲ್ಲ ಮೇಡಂ.

ಚರಿತ್ರೆ ಟೀಚರ್
@ಮಂಡ್ಯ ಮಾವ ಚೀನೀ ಕಾರ್ಮಿಕರು ಸಾವಿರಾರು ಜನ ದುಡಿದದ್ದು ಸೆಂಟ್ರಲ್ ಪೆಸಿಫಿಕ್ ಕಡೆ, ಸಿಯೆರಾ ನೆವಾಡಾ ಬೆಟ್ಟಗಳಲ್ಲಿ. ನೆಬ್ರಾಸ್ಕಾದ ಕಡೆ ಹೆಚ್ಚಿನವರು ಐರಿಷ್ ವಲಸಿಗರು. ಜೊತೆಗೆ ಅಂತರ್ಯುದ್ಧ ಮುಗಿಸಿ ಬಂದ ಸೈನಿಕರು. ಎರಡೂ ಹಳಿ ಕೂಡಿದ್ದು 1869ರ ಮೇ 10ರಂದು, ಯೂಟಾದ ಪ್ರಾಮಂಟರಿಯಲ್ಲಿ.

ಕಡ್ಡಿ ಮುರಿದವ
ಖಾಲಿ ಜಾಗಕ್ಕೆ ರೈಲು ಬಂತು, ಊರು ಹುಟ್ಟಿತು ಅನ್ನುವ ಥರ ಇದೆ ನಿಮ್ಮ ಕಥೆ. ಅದೇನು ಖಾಲಿ ಜಾಗವಾ? ಅಲ್ಲಿನ ಮೂಲನಿವಾಸಿಗಳಾದ ಲಕೋಟಾ, ಷಯೆನ್, ಪಾನಿ ಜನ ಎಲ್ಲಿಗೆ ಹೋದರು? ಕಾಯ್ದೆಯ ಪ್ರಕಾರ ಹಳಿಯ ಎರಡೂ ಕಡೆ ಮೈಲಿಗಟ್ಟಲೆ ನೆಲ ಕಂಪನಿಗೆ ಪುಕ್ಕಟೆ. ಆ ನೆಲ ಯಾರದ್ದು?

ಚರಿತ್ರೆ ಟೀಚರ್
ಒಪ್ಪುತ್ತೇನೆ. 1867ರ ಸೆಪ್ಟೆಂಬರ್‌ನಲ್ಲಿ ಇದೇ ಊರಲ್ಲಿ ಸರ್ಕಾರದ ಶಾಂತಿ ಆಯೋಗ ಲಕೋಟಾ ಮತ್ತು ಷಯೆನ್ ಮುಖಂಡರ ಜೊತೆ ಮಾತುಕತೆಗೆ ಕೂತಿತ್ತು. ಲಕೋಟಾ ಮುಖಂಡ ಸ್ಪಾಟೆಡ್ ಟೇಲ್ ಬಂದಿದ್ದ. ಸರ್ಕಾರದ ಕಡೆ ಜನರಲ್ ಶೆರ್ಮನ್. ರೈಲು ದಾರಿಯಿಂದ ಬೇಟೆ ಪ್ರಾಣಿಗಳು ದೂರ ಹೋಗುತ್ತವೆ ಅನ್ನುವುದು ಆ ಮುಖಂಡರ ದೂರು. ರೈಲು ನಿಲ್ಲುವುದಿಲ್ಲ ಅನ್ನುವುದು ಶೆರ್ಮನ್ ಉತ್ತರ. ಆಮೇಲೆ ಆಫ್ರಿಕಾದಲ್ಲಿ ಹೆಸರು ಮಾಡಿದ ಸ್ಟ್ಯಾನ್ಲಿ ಇದ್ದಾನಲ್ಲ, ಅವನು ಆಗ ಪತ್ರಿಕೆ ವರದಿಗಾರನಾಗಿ ಅಲ್ಲಿದ್ದ.

ಇನ್ನೊಂದು ವಿಷಯ. ಪಾನಿ ಜನ ಲಕೋಟಾಗಳ ಹಳೆಯ ವೈರಿಗಳು. ಅವರಲ್ಲಿ ಎಷ್ಟೋ ಜನ ಸೈನ್ಯದ ಸ್ಕೌಟ್‌ಗಳಾಗಿ ರೈಲು ಕೆಲಸಕ್ಕೆ ಕಾವಲು ನಿಂತಿದ್ದರು. ಆದ್ದರಿಂದ ಎಲ್ಲರನ್ನೂ ಒಂದೇ ಗುಂಪಿಗೆ ಹಾಕಿ ಮಾತಾಡುವುದು ಕಷ್ಟ.

ಡೆನ್ವರ್ ದೋಸೆ
ಆ ಊರು ಅಂದರೆ ನಮಗೆ ಬಫಲೋ ಬಿಲ್. ರೈಲ್ವೆ ಕೂಲಿಗಳಿಗೆ ಕಾಡೆಮ್ಮೆ ಹೊಡೆದು ಕೊಡುತ್ತಿದ್ದವನು. ಅಲ್ಲೇ ಬೇಟೆಯಾಡಿ ಅಲ್ಲೇ ಮನೆ ಕಟ್ಟಿದ. ಮಕ್ಕಳಿಗೆ ಆ ರ‍್ಯಾಂಚ್ ತುಂಬ ಇಷ್ಟ ಆಯಿತು.

ಲೋಕೋ ಪ್ರೇಮಿ
@ಡೆನ್ವರ್ ದೋಸೆ ಮನೆ ಕಟ್ಟಿದ್ದು ಸರಿ, ಬೇಟೆ ಅಲ್ಲಿನದ್ದಲ್ಲ. ವಿಲಿಯಂ ಕೋಡಿ, ಅಂದರೆ ಬಫಲೋ ಬಿಲ್, ಕಾಡೆಮ್ಮೆ ಹೊಡೆದು ಕೊಟ್ಟದ್ದು ಕನ್ಸಾಸ್ ಪೆಸಿಫಿಕ್ ರೈಲ್ವೆಗೆ, ಕನ್ಸಾಸ್‌ನಲ್ಲಿ. ನಾಲ್ಕು ಸಾವಿರಕ್ಕೂ ಮೇಲೆ ಹೊಡೆದೆ ಅಂತ ಅವನೇ ಹೇಳಿಕೊಂಡಿದ್ದಾನೆ. ಅವನ ಮಾತನ್ನು ಎಷ್ಟು ನಂಬಬೇಕೋ ನಿಮಗೆ ಬಿಟ್ಟದ್ದು. ಪ್ರಚಾರದಲ್ಲಿ ಅವನನ್ನು ಮೀರಿಸಿದವರಿಲ್ಲ.

ನಾರ್ತ್ ಪ್ಲಾಟ್‌ನಲ್ಲಿ 1882ರ ಜುಲೈ 4ಕ್ಕೆ ದೊಡ್ಡ ಜಾತ್ರೆಯಂಥದ್ದು ಮಾಡಿಸಿದ. ಕುದುರೆ ಸವಾರಿ, ದನ ಹಿಡಿಯುವುದು, ಗುರಿ ಹೊಡೆಯುವುದು. ಜನ ಮುಗಿಬಿದ್ದರು. ಮರು ವರ್ಷ ಒಮಾಹಾದಲ್ಲಿ ಅವನ ವೈಲ್ಡ್ ವೆಸ್ಟ್ ಪ್ರದರ್ಶನ ಶುರು. ರ‍್ಯಾಂಚ್ ಮನೆ 1886ರದ್ದು. ಈಗ ರಾಜ್ಯ ಸರ್ಕಾರದ ಚಾರಿತ್ರಿಕ ಉದ್ಯಾನ.

ಸುಮ್ನೆ ಗಮನಿಸಿ. ಆ ಪ್ರದರ್ಶನದ ಕುದುರೆ, ದನ, ಜನ, ಡೇರೆ ಊರಿಂದೂರಿಗೆ ಹೋದದ್ದೂ ರೈಲಿನಲ್ಲೇ!

ಹೆದ್ದಾರಿ ಹೈದ
ಅಬ್ಬಾ, ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಇನ್ನೊಂದು ಪ್ರಶ್ನೆ. ಊರಲ್ಲಿ ಎಲ್ಲಿ ನೋಡಿದರೂ 'ಕ್ಯಾಂಟೀನ್' ಅಂತ ಬೋರ್ಡು, ಚಿತ್ರ. ಯಾವ ಕ್ಯಾಂಟೀನ್ ಅದು?

ಒಮಾಹಾ ವಾಸಿ
ಅಯ್ಯೋ, ಅದನ್ನು ಕೇಳದೆ ಊರು ಬಿಟ್ಟು ಬಂದಿರಾ! ಆ ಊರಿನ ಹೆಮ್ಮೆಯೇ ಅದು. ನಮ್ಮ ಆಫೀಸಿನಲ್ಲಿ ಒಬ್ಬರು ಇದ್ದರು, ಅವರ ಅಜ್ಜಿ ಅಲ್ಲಿಗೆ ಮೊಟ್ಟೆ ಬೇಯಿಸಿ ತಂದುಕೊಡುತ್ತಿದ್ದರಂತೆ. ಅವರ ಬಾಯಿಂದ ಎಷ್ಟು ಸಲ ಕೇಳಿದ್ದೇನೋ.

ಪರ್ಲ್ ಹಾರ್ಬರ್ ಮೇಲೆ ದಾಳಿಯಾಗಿ ಹತ್ತು ದಿನ ಆಗಿತ್ತು. 1941ರ ಡಿಸೆಂಬರ್ 17. ನೆಬ್ರಾಸ್ಕಾ ನ್ಯಾಷನಲ್ ಗಾರ್ಡ್‌ನ ಡಿ ಕಂಪನಿ ಅನ್ನುವ ಸೈನಿಕ ತುಕಡಿ, ಅಂದರೆ ಅದೇ ಊರಿನ ಹುಡುಗರು, ರೈಲಿನಲ್ಲಿ ಈ ಕಡೆ ಹಾದುಹೋಗುತ್ತಾರೆ ಅಂತ ಸುದ್ದಿ ಹಬ್ಬಿತು. ನೂರಾರು ಜನ ತಿಂಡಿ, ಸಿಗರೇಟು, ಉಡುಗೊರೆ ಹಿಡಿದುಕೊಂಡು ಸ್ಟೇಷನ್‌ಗೆ ಬಂದರು. ಗಾಡಿ ಬಂತು. ಡಿ ಕಂಪನಿಯೇ ಹೌದು, ಆದರೆ ಕನ್ಸಾಸ್‌ನದು! ಒಂದು ಕ್ಷಣ ಯಾರಿಗೂ ಏನು ಮಾಡಬೇಕೋ ತೋಚಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ತಂದದ್ದನ್ನೆಲ್ಲ ಆ ಅಪರಿಚಿತ ಹುಡುಗರಿಗೇ ಕೊಟ್ಟು ಕಳಿಸಿದರು.

ಅಲ್ಲಿದ್ದವರಲ್ಲಿ ರೇ ವಿಲ್ಸನ್ ಅಂತ ಒಬ್ಬ ಹುಡುಗಿ. ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವಳು, ಅವಳ ಅಣ್ಣ ನೆಬ್ರಾಸ್ಕಾದ ಆ ಕಂಪನಿಯಲ್ಲಿದ್ದ. ಪ್ರತಿ ಸೈನಿಕರ ಗಾಡಿಗೂ ಹೀಗೇ ಯಾಕೆ ಮಾಡಬಾರದು ಅಂತ ಊರಿನ ಪತ್ರಿಕೆಗೆ ಬರೆದಳು. ಕ್ರಿಸ್‌ಮಸ್ ದಿನವೇ ಸ್ಟೇಷನ್‌ನಲ್ಲಿ ಕ್ಯಾಂಟೀನ್ ಶುರುವಾಯಿತು. 1946ರ ಏಪ್ರಿಲ್ 1ರವರೆಗೆ ನಡೆಯಿತು. ಒಟ್ಟು 60 ಲಕ್ಷದಷ್ಟು ಸೈನಿಕರು ಅಲ್ಲಿ ಇಳಿದು ಹತ್ತಿದರು ಅನ್ನುತ್ತಾರೆ. ಗಾಡಿ ನಿಲ್ಲುತ್ತಿದ್ದದ್ದು ಹತ್ತು ಹದಿನೈದು ನಿಮಿಷ, ಎಂಜಿನ್‌ಗೆ ನೀರು ತುಂಬಿ ಎಣ್ಣೆ ಬಿಡುವಷ್ಟು ಹೊತ್ತು. ಅಷ್ಟರಲ್ಲೇ ಕಾಫಿ, ಸ್ಯಾಂಡ್‌ವಿಚ್, ಡೋನಟ್, ಹಾಲು. ಹುಟ್ಟಿದ ಹಬ್ಬ ಅಂದವನಿಗೆ ಇಡೀ ಕೇಕು.

ಒಂದು ಊರಿಂದ ಆಗುವ ಕೆಲಸ ಅಲ್ಲ ಅದು. ಸುತ್ತಲಿನ 125 ಊರಿನವರು ಸರದಿ ಹಾಕಿಕೊಂಡು ಬರುತ್ತಿದ್ದರು. ಸಕ್ಕರೆಗೂ ಪೆಟ್ರೋಲ್‌ಗೂ ರೇಷನ್ ಇದ್ದ ಕಾಲ. ಸರ್ಕಾರದ ಹಣ ಇಲ್ಲ, ಅಧ್ಯಕ್ಷ ರೂಸ್‌ವೆಲ್ಟ್ ಮಾತ್ರ 5 ಡಾಲರ್ ಚೆಕ್ ಕಳಿಸಿದ್ದರು. ಒಬ್ಬ ಚಿಕ್ಕ ಹುಡುಗ ದನದ ಹರಾಜಿನಲ್ಲಿ ತಾನು ತೊಟ್ಟಿದ್ದ ಅಂಗಿಯನ್ನೇ ಬಿಚ್ಚಿ ಹರಾಜು ಹಾಕಿಸಿ ದುಡ್ಡು ಕೊಟ್ಟ. ಅದೂ ಒಂದು ಸಲ ಅಲ್ಲ, ಮತ್ತೆ ಮತ್ತೆ.

ಮಂಡ್ಯ ಮಾವ
ಓದಿ ಕಣ್ಣು ತುಂಬಿ ಬಂತು ಮಾರಾಯ್ರೆ.

ಡೆನ್ವರ್ ದೋಸೆ
ಪಾಪ್‌ಕಾರ್ನ್ ಉಂಡೆ ಕಥೆ ಬಿಟ್ಟಿರಿ. ಊರಿನ ಹುಡುಗಿಯರು ಉಂಡೆ ಒಳಗೆ ಹೆಸರು, ವಿಳಾಸ ಬರೆದ ಚೀಟಿ ಇಡುತ್ತಿದ್ದರು. ಅದರಿಂದ ಪತ್ರ ಬರೆದು ಮದುವೆಯಾದವರೂ ಇದ್ದಾರೆ. ಇವತ್ತಿನ ಆಪ್‌ಗಳೆಲ್ಲ ಅದರ ಮುಂದೆ ಏನೂ ಅಲ್ಲ.

ಅರಸೀಕೆರೆ ಜಂಕ್ಷನ್
ಕ್ಯಾಂಟೀನ್‌ಗೆ ಸ್ಟೇಷನ್ ಊಟದ ಹಾಲ್ ಕೊಟ್ಟದ್ದು ರೈಲ್ವೆಯವರಾ? ಯುದ್ಧದ ಸಮಯದಲ್ಲಿ ಅಷ್ಟು ಸಲೀಸಾಗಿ ಒಪ್ಪಿದರಾ?

ಲೋಕೋ ಪ್ರೇಮಿ
ಒಳ್ಳೆ ಪ್ರಶ್ನೆ. ಆಗ ಯೂನಿಯನ್ ಪೆಸಿಫಿಕ್ ಅಧ್ಯಕ್ಷ ವಿಲಿಯಂ ಜೆಫರ್ಸ್. ಹುಟ್ಟಿದ್ದು ಎಲ್ಲಿ ಹೇಳಿ? ನಾರ್ತ್ ಪ್ಲಾಟ್‌ನಲ್ಲೇ! ಹದಿನಾಲ್ಕನೇ ವಯಸ್ಸಿಗೇ ರೈಲ್ವೆ ಸೇರಿ ಕಾಲ್ ಬಾಯ್ ಆಗಿದ್ದವನು. ಡ್ಯೂಟಿ ಬಂತು ಅಂತ ಮನೆಮನೆಗೆ ಹೋಗಿ ಡ್ರೈವರ್‌ಗಳನ್ನು ಎಬ್ಬಿಸುವ ಕೆಲಸ. ಅಲ್ಲಿಂದ ಹತ್ತಿ 1937ರಲ್ಲಿ ಕಂಪನಿಯ ಅಧ್ಯಕ್ಷ. ತನ್ನೂರಿನವರು ಕೇಳಿದರೆ ಇಲ್ಲ ಅನ್ನುತ್ತಾನಾ?

ಅರಸೀಕೆರೆ ಜಂಕ್ಷನ್
ಕಾಲ್ ಬಾಯ್ ನಮ್ಮಲ್ಲೂ ಇದ್ದರು. ರಾತ್ರಿ ಎರಡು ಗಂಟೆಗೆ ರೈಲ್ವೆ ಕ್ವಾರ್ಟರ್ಸ್ ಬಾಗಿಲು ತಟ್ಟಿ "ಸಾರ್, ಕಾಲ್" ಅನ್ನುತ್ತಿದ್ದರು. ಅಪ್ಪ ರಿಜಿಸ್ಟರಿಗೆ ಸಹಿ ಹಾಕಿ, ಅಮ್ಮ ಕೊಟ್ಟ ಕಾಫಿ ಕುಡಿದು, ಕೆಂಪು ಹಸಿರು ಬಾವುಟ, ಲಾಟೀನು, ಪೆಟ್ಟಿಗೆ ತಗೊಂಡು ಹೊರಡುತ್ತಿದ್ದರು. ನಾವು ಮಗ್ಗುಲು ಬದಲಾಯಿಸಿ ಮಲಗುತ್ತಿದ್ದೆವು ಅಷ್ಟೆ. ಅವರಲ್ಲಿ ಯಾರೂ ರೈಲ್ವೆ ಬೋರ್ಡ್ ಅಧ್ಯಕ್ಷರಾದದ್ದು ಮಾತ್ರ ನಾನು ಕೇಳಿಲ್ಲ.

ಕಡ್ಡಿ ಮುರಿದವ
ಎಲ್ಲರೂ ಕಣ್ಣೀರು ಒರೆಸಿಕೊಂಡಿರಾ? ಈಗ ಇದನ್ನೂ ಓದಿ.

1929ರ ಜುಲೈ. ಅದೇ ನಾರ್ತ್ ಪ್ಲಾಟ್. ಒಬ್ಬ ಕಪ್ಪು ವ್ಯಕ್ತಿ ಒಬ್ಬ ಬಿಳಿ ಪೊಲೀಸನನ್ನು ಕೊಂದ. ಅದೇ ದಿನ ಬಿಳಿಯರ ಗುಂಪು ಕಪ್ಪು ಜನರ ಮನೆಮನೆಗೆ ಹೋಗಿ ಊರು ಬಿಟ್ಟು ಹೋಗಿ ಅಂತ ಬೆದರಿಸಿತು. ಕೊಲೆಗೂ ಅವರಿಗೂ ಏನೂ ಸಂಬಂಧ ಇರಲಿಲ್ಲ. ಸುಮಾರು 200 ಜನ ಊರು ಬಿಟ್ಟರು ಅಂತ ಆಗಿನ ಪತ್ರಿಕೆಗಳಲ್ಲಿ ಬಂತು. ಸಿಕ್ಕಿದ ಗಾಡಿ ಹತ್ತಿದರು, ಕೆಲವರು ನಡೆದೇ ಹೋದರು. ರಾಜ್ಯಪಾಲರು ವಿಚಾರಣೆಗೆ ಹೇಳಿದರು. ಕೆಲವರು ವಾಪಸ್ ಬಂದರು.

ಇದಾಗಿ ಹನ್ನೆರಡು ವರ್ಷಕ್ಕೆ ಕ್ಯಾಂಟೀನ್. ಅದಕ್ಕೆ ಬೋರ್ಡು, ಚಿತ್ರ, ಪ್ರವಾಸಿಗರು. ಇದಕ್ಕೆ?

ಒಮಾಹಾ ವಾಸಿ
ನಡೆದದ್ದು ನಿಜ, ಅಲ್ಲಗಳೆಯುವುದಿಲ್ಲ. ಆದರೆ ಕ್ಯಾಂಟೀನ್‌ನಲ್ಲಿ ಕಪ್ಪು ಸೈನಿಕರಿಗೂ ಅದೇ ಮೇಜಿನಲ್ಲಿ ಕೊಡುತ್ತಿದ್ದರು ಅಂತ ಅಲ್ಲಿಗೆ ಹೋಗಿದ್ದವರ ನೆನಪುಗಳಲ್ಲಿದೆ. ಸೈನ್ಯದಲ್ಲೇ ಬೇರೆ ಬೇರೆ ತುಕಡಿ ಇದ್ದ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ಕಡ್ಡಿ ಮುರಿದವ
ಹತ್ತು ನಿಮಿಷ ನಿಂತು ಹೋಗುವವನಿಗೆ ಕೇಕು ಕೊಡುವುದು ಸುಲಭ ಸರ್. ಪಕ್ಕದ ಮನೆಯಲ್ಲಿ ಇರಲು ಬಿಡುವುದು ಕಷ್ಟ.

ಚರಿತ್ರೆ ಟೀಚರ್
@ಕಡ್ಡಿ ಮುರಿದವ ಚುಚ್ಚುವ ಮಾತು, ಆದರೆ ತಳ್ಳಿಹಾಕುವಂತಿಲ್ಲ. ನನ್ನ ತಕರಾರು ಒಂದೇ. ಒಂದನ್ನು ಹೇಳಿದ ತಕ್ಷಣ ಇನ್ನೊಂದು ಸುಳ್ಳಾಗುವುದಿಲ್ಲ. ಮೊಟ್ಟೆ ಬೇಯಿಸಿ ತಂದ ಹಳ್ಳಿ ಹೆಂಗಸರಲ್ಲಿ ಎಷ್ಟೋ ಜನ 1929ರಲ್ಲಿ ಆ ಊರಿಗೇ ಬಂದಿರಲಿಲ್ಲ. ಎರಡನ್ನೂ ಒಂದೇ ಗೋಡೆ ಮೇಲೆ ಬರೆಯಲಿ.

ಮಂಡ್ಯ ಮಾವ
ಇಂಥದ್ದು ನಮ್ಮ ಊರುಗಳಲ್ಲೂ ನಡೆದಿದೆ, ಅಲ್ಲಿ ಬೋರ್ಡು ಹಾಕಿದ್ದಾರಾ ಅಂತ ಯಾರೂ ಕೇಳಬೇಡಿ. ಉತ್ತರ ಗೊತ್ತು.

ಸಂಬಳದಾರ
ಇವತ್ತಿನ ಸ್ಥಿತಿಗೆ ಬನ್ನಿ. ನಾನು ಬೇರೊಂದು ರೈಲು ಕಂಪನಿಗೆ ಸಾಫ್ಟ್‌ವೇರ್ ಬರೆಯುವವನು. 'ಪ್ರಿಸಿಷನ್ ಶೆಡ್ಯೂಲ್ಡ್ ರೈಲ್‌ರೋಡಿಂಗ್' ಅಂತ ಒಂದು ಪದ್ಧತಿ ಇದೆ. ಹಂಟರ್ ಹ್ಯಾರಿಸನ್ ಅನ್ನುವವರು ಹುಟ್ಟುಹಾಕಿದ್ದು. ಎಂಜಿನ್ ಕಮ್ಮಿ, ಜನ ಕಮ್ಮಿ, ಯಾರ್ಡ್ ಕಮ್ಮಿ, ಗಾಡಿ ಉದ್ದ ಜಾಸ್ತಿ. ಮೂರು ಕಿಲೋಮೀಟರ್ ಉದ್ದದ ಗಾಡಿ ಈಗ ಮಾಮೂಲು. ಷೇರುದಾರರಿಗೆ ಖುಷಿ. ಯೂನಿಯನ್ ಪೆಸಿಫಿಕ್ 2018ರ ಅಕ್ಟೋಬರ್‌ನಲ್ಲಿ ಆ ದಾರಿ ಹಿಡಿಯಿತು. ಮುಂದಿನ ಒಂದೆರಡು ವರ್ಷದಲ್ಲಿ ನಾರ್ತ್ ಪ್ಲಾಟ್‌ನಲ್ಲಿ ನೂರಾರು ಕೆಲಸ ಹೋದವು. ಕಲ್ಲಿದ್ದಲು ಸಾಗಣೆ ಬೇರೆ ಇಳಿಯುತ್ತಾ ಬಂದಿದೆ, ವಿದ್ಯುತ್ ಸ್ಥಾವರಗಳು ಗ್ಯಾಸ್‌ಗೂ ಗಾಳಿಗೂ ಹೋದವು. 23 ಸಾವಿರದ ಊರಲ್ಲಿ ನೂರಾರು ಒಳ್ಳೆ ಸಂಬಳ ಹೋದರೆ ಏನಾಗುತ್ತೆ ಲೆಕ್ಕ ಹಾಕಿ. ಕಾರು ಅಂಗಡಿ, ಹೇರ್‌ಕಟ್, ಸ್ಕೂಲು, ಎಲ್ಲಕ್ಕೂ ಪೆಟ್ಟು.

ಉಳಿದವರ ಪಾಡೂ ಅಷ್ಟಕ್ಕಷ್ಟೇ. ಫೋನ್ ಯಾವಾಗ ಬರುತ್ತೋ ಗೊತ್ತಿಲ್ಲ, ಬಂದರೆ ಹೊರಡಬೇಕು. ಮಗನ ಮ್ಯಾಚ್ ಇದೆ, ಜ್ವರ ಇದೆ ಅನ್ನುವಂತಿಲ್ಲ. 2022ರಲ್ಲಿ ದೇಶಾದ್ಯಂತ ರೈಲ್ವೆ ಮುಷ್ಕರದ ಮಾತು ಬಂದದ್ದು ಇದಕ್ಕೇ, ಸಂಬಳ ಸಹಿತ ಸಿಕ್ ಲೀವ್‌ಗಾಗಿ. ಡಿಸೆಂಬರ್‌ನಲ್ಲಿ ಸಂಸತ್ತು ಕಾನೂನು ಮಾಡಿ ಮುಷ್ಕರ ತಡೆಯಿತು.

ಬೂದು ಬೆಕ್ಕು
ಪಿನ್ ಎಳೆಯುವ ಕೆಲಸದ ಅರ್ಜಿ ವಾಪಸ್ ತಗೊಂಡೆ.

ಹೆದ್ದಾರಿ ಹೈದ
ಹಾಗಾದರೆ ಊರು ಮುಳುಗುತ್ತಿದೆ ಅಂತಲಾ? ನಾವು ನೋಡಿದಾಗ ಹಾಗೇನೂ ಅನ್ನಿಸಲಿಲ್ಲ. ಹೊಸ ಕಟ್ಟಡಗಳೂ ಕಂಡವು.

ಸಂಬಳದಾರ
ಮುಳುಗಿಲ್ಲ. 2010ರಲ್ಲಿ 24,733 ಇದ್ದದ್ದು 2020ಕ್ಕೆ 23,390 ಆಯಿತು. ಸೋರುತ್ತಿದೆ ಅನ್ನಬಹುದು. ಅದಕ್ಕೇ ಊರಿನವರು ಬೇರೆ ದಾರಿ ಹುಡುಕಿದರು. ಆ ಭಾಗದ ದನ ಸಾಕುವವರೇ ಸೇರಿ 'ಸಸ್ಟೇನಬಲ್ ಬೀಫ್' ಅಂತ ಮಾಂಸದ ಕಾರ್ಖಾನೆ ಮಾಡಿದ್ದಾರೆ. ವಾಲ್‌ಮಾರ್ಟ್ ಕೂಡ ಪಾಲು ತಗೊಂಡಿದೆ. ದಿನಕ್ಕೆ 1,500 ದನದ ಲೆಕ್ಕ, 800ಕ್ಕೂ ಮೇಲೆ ಕೆಲಸ. 2025ರಲ್ಲಿ ಶುರುವಾಯಿತು. ಕಟ್ಟಿದ ಜಾಗ ಮೊದಲು ಊರಿನ ಕೊಳಚೆ ನೀರಿನ ಹೊಂಡವಾಗಿತ್ತು.

ಕಡ್ಡಿ ಮುರಿದವ
ಒಂದು ಕಂಪನಿ ಕೈಯಿಂದ ಇನ್ನೊಂದು ಕಂಪನಿ ಕೈಗೆ. ಒಳ್ಳೆ ಸ್ವಾತಂತ್ರ್ಯ.

ಲೋಕೋ ಪ್ರೇಮಿ
@ಕಡ್ಡಿ ಮುರಿದವ ಎರಡು ಕೈ ಇದ್ದರೆ ಒಂದಕ್ಕಿಂತ ವಾಸಿ ಅಲ್ವಾ? ಯೂನಿಯನ್ ಪೆಸಿಫಿಕ್‌ನ ಒಮಾಹಾ ಆಫೀಸಿನ ಒಂದು ಸಹಿಗೆ ಊರೇ ನಡುಗುವುದು ತಪ್ಪಿದರೆ ಸಾಕು. 1867ರಿಂದಲೂ ಆ ಊರಿಗೆ ಕಂಪನಿ ಬಿಟ್ಟರೆ ಗತಿಯಿಲ್ಲ. ಉಗಿ ಹೋಗಿ ಡೀಸೆಲ್ ಬಂತು, ಎಂಜಿನ್‌ಗೆ ಅಷ್ಟು ಸಲ ನಿಲ್ಲುವ ಅಗತ್ಯವೇ ಹೋಯಿತು. ಆಗಲೇ ಎಷ್ಟೋ ರೈಲ್ವೆ ಊರುಗಳು ಸತ್ತವು. ಇದು ಉಳಿದದ್ದು 1948ರಲ್ಲಿ ಮೊದಲ ದಿಬ್ಬ, 1968ರಲ್ಲಿ ಹೊಸ ದಿಬ್ಬ ಕಟ್ಟಿದ್ದಕ್ಕೆ. ಅದೂ ಕಂಪನಿಯ ತೀರ್ಮಾನವೇ, ಊರಿನದ್ದಲ್ಲ.

ಸಂಬಳದಾರ
ಇನ್ನೊಂದು ತೀರ್ಮಾನ ತಲೆ ಮೇಲೆ ತೂಗುತ್ತಿದೆ. ಯೂನಿಯನ್ ಪೆಸಿಫಿಕ್ ಮತ್ತು ಪೂರ್ವದ ನಾರ್ಫೋಕ್ ಸದರ್ನ್ ಒಂದಾಗುತ್ತೇವೆ ಅಂತ 2025ರ ಜುಲೈನಲ್ಲಿ ಘೋಷಿಸಿದವು. ಎರಡು ಕರಾವಳಿಗೂ ಒಂದೇ ಕಂಪನಿ. ಹಾಗಾದರೆ ನಟ್ಟನಡುವೆ ಗಾಡಿ ಬಿಡಿಸಿ ಜೋಡಿಸುವ ಕೆಲಸ ಹೆಚ್ಚುತ್ತಾ, ಇಲ್ಲ ನೇರ ಓಡಿಸುತ್ತಾರಾ? ನನ್ನ ಅನಿಸಿಕೆ, ನೇರ ಓಡಿಸುವುದೇ ಜಾಸ್ತಿಯಾಗುತ್ತೆ.

ಲೋಕೋ ಪ್ರೇಮಿ
ನಾನು ಒಪ್ಪಲ್ಲ. ಕಂಟೇನರ್ ಗಾಡಿ ನೇರ ಹೋಗುತ್ತೆ ಸರಿ. ಬಿಡಿ ವ್ಯಾಗನ್‌ಗಳನ್ನು ಎಲ್ಲೋ ಒಂದು ಕಡೆ ಬೇರ್ಪಡಿಸಲೇಬೇಕು. ಎರಡು ದಿಬ್ಬ ಇರುವ ಯಾರ್ಡ್ ಬಿಟ್ಟು ಬೇರೆಲ್ಲಿ ಮಾಡುತ್ತಾರೆ?

ಅರಸೀಕೆರೆ ಜಂಕ್ಷನ್
ಇಬ್ಬರೂ ಹಣ ಕಟ್ಟಿ, ನಾನು ಇಟ್ಟುಕೊಂಡಿರುತ್ತೇನೆ.

ಹುಬ್ಬಳ್ಳಿ ಮಂದಿ
ಜಗತ್ತಿನಾಗ ಉದ್ದದ ಪ್ಲಾಟ್‌ಫಾರ್ಮ್ ನಮ್ಮ ಹುಬ್ಬಳ್ಳಿಯದ್ದರೀ, 1,507 ಮೀಟರ್. ಅವರಿಗೆ ಯಾರ್ಡ್ ಐತಿ, ಪ್ಲಾಟ್‌ಫಾರ್ಮ್ ಇಲ್ಲ. ಬೇಕಾದ್ರ ಒಂದ್ ತುಂಡು ಕೊಟ್ಟು ಕಳಸೋಣು.

ಡೆನ್ವರ್ ದೋಸೆ
😂😂 ಮಾರ್ಚ್‌ನಲ್ಲಿ ಕೊಕ್ಕರೆ ನೋಡಲು ಆ ಕಡೆ ಹೋಗುವ ಪ್ಲಾನ್ ಇದೆ. ಪ್ಲಾಟ್ ನದಿಗೆ ಸ್ಯಾಂಡ್‌ಹಿಲ್ ಕ್ರೇನ್‌ಗಳು ಲಕ್ಷಗಟ್ಟಲೆ ಬರುತ್ತವಲ್ಲ. ಜೊತೆಗೆ ಯಾರ್ಡ್ ನೋಡಬೇಕು. ಒಳಗೆ ಬಿಡುತ್ತಾರಾ? ಮಕ್ಕಳಿಗೆ ಆರು, ಒಂಬತ್ತು ವರ್ಷ. ನಾವು ಸಸ್ಯಾಹಾರಿಗಳು, ಊಟ ಸಿಗುತ್ತಾ?

ಒಮಾಹಾ ವಾಸಿ
ಕೊಕ್ಕರೆಗಳ ದೊಡ್ಡ ಹಿಂಡು ಇರುವುದು ಇನ್ನೂ ಪೂರ್ವಕ್ಕೆ, ಕೀರ್ನಿ ಸುತ್ತಮುತ್ತ. ನಾರ್ತ್ ಪ್ಲಾಟ್ ಕಡೆಯೂ ಒಂದಷ್ಟು ಬರುತ್ತವೆ. ಯಾರ್ಡ್ ಒಳಗೆ ಸುಮ್ನೆ ಹೋದವರನ್ನು ಬಿಡಲ್ಲ. ಅದಕ್ಕೇ 2008ರಲ್ಲಿ ಪಕ್ಕದಲ್ಲೇ ಎಂಟು ಅಂತಸ್ತಿನ ಗೋಲ್ಡನ್ ಸ್ಪೈಕ್ ಟವರ್ ಕಟ್ಟಿದ್ದಾರೆ. ಏಳನೇ ಅಂತಸ್ತು ಬಯಲು, ಎಂಟನೆಯದು ಗಾಜು ಹಾಕಿದ್ದು. ಮಾರ್ಚ್‌ನಲ್ಲಿ ಗಾಳಿ ಕೊರೆಯುತ್ತೆ, ನೇರ ಎಂಟಕ್ಕೆ ಹೋಗಿ. ಮೇಲೆ ರೈಲ್ವೆಯಿಂದ ನಿವೃತ್ತರಾದ ಹಿರಿಯರು ಇರುತ್ತಾರೆ, ಏನು ಕೇಳಿದರೂ ಖುಷಿಯಿಂದ ಹೇಳುತ್ತಾರೆ.

ಊಟ ಕಟ್ಟಿಕೊಂಡು ಹೋಗಿ. ದನದ ಸೀಮೆ ಅದು.

ಕಡ್ಡಿ ಮುರಿದವ
ಎರಡೂ ಹಳಿ ಕೂಡಿದಾಗ ಚಿನ್ನದ ಮೊಳೆ (ಗೋಲ್ಡನ್ ಸ್ಪೈಕ್) ಹೊಡೆದದ್ದು ಯೂಟಾದಲ್ಲಿ, ಟವರ್‌ಗೆ ಹೆಸರು ನೆಬ್ರಾಸ್ಕಾದಲ್ಲಿ. ಬಫಲೋ ಬಿಲ್ ಊರು ಅಂದಮೇಲೆ ಕೇಳಬೇಕಾ.

ಲೋಕೋ ಪ್ರೇಮಿ
@ಡೆನ್ವರ್ ದೋಸೆ ಮಕ್ಕಳನ್ನು ಕೋಡಿ ಪಾರ್ಕ್‌ಗೂ ಕರ್ಕೊಂಡು ಹೋಗಿ. ಚಾಲೆಂಜರ್ 3977 ಉಗಿ ಎಂಜಿನ್ ಅಲ್ಲೇ ನಿಂತಿದೆ, ಪಕ್ಕದಲ್ಲಿ ಸೆಂಟೆನಿಯಲ್ 6922 ಡೀಸೆಲ್. ಚಾಲೆಂಜರ್ ಚಕ್ರದ ಪಕ್ಕ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯಿರಿ, ಆಗ ಗೊತ್ತಾಗುತ್ತೆ ಗಾತ್ರ.

ಸಂಬಳದಾರ
ಡೆನ್ವರ್ ಕಡೆಯಿಂದ ಬರುವವರಿಗೆ ಒಂದು ಮಾತು. ಓಗಲಾಲಾ ದಾಟಿದ ಮೇಲೆ ಸಮಯ ಒಂದು ಗಂಟೆ ಮುಂದಕ್ಕೆ ಹೋಗುತ್ತೆ. ಅಲ್ಲಿವರೆಗೆ ಮೌಂಟನ್ ಟೈಮ್, ನಾರ್ತ್ ಪ್ಲಾಟ್‌ನಲ್ಲಿ ಸೆಂಟ್ರಲ್. ಈ ಟೈಮ್ ಝೋನ್‌ಗಳನ್ನು 1883ರ ನವೆಂಬರ್ 18ರಂದು ಶುರು ಮಾಡಿದ್ದೂ ರೈಲ್ವೆಯವರೇ. ಟವರ್ ಮುಚ್ಚುವ ಹೊತ್ತು ನೋಡಿಕೊಂಡು ಹೊರಡಿ. ನಾನು ಲೆಕ್ಕ ಹಾಕದೆ ಹೋಗಿ ಬೀಗ ನೋಡಿಕೊಂಡು ಬಂದವನು.

ಡೆನ್ವರ್ ದೋಸೆ
ಎಲ್ಲರಿಗೂ ಥ್ಯಾಂಕ್ಸ್. ಚಿತ್ರಾನ್ನ, ಚಪಾತಿ ಕಟ್ಟಿಕೊಂಡೇ ಹೊರಡುತ್ತೇವೆ. ಆ ನಿವೃತ್ತ ಹಿರಿಯರ ಹತ್ತಿರ ವಿಲೀನದ ಬಗ್ಗೆ ಕೇಳಿ ಬಂದು ಇಲ್ಲಿ ಹಾಕುತ್ತೇನೆ. ಬೆಟ್ ಕಟ್ಟಿದವರು ಅಲ್ಲಿವರೆಗೆ ಕಾಯಿರಿ.

ಹುಬ್ಬಳ್ಳಿ ಮಂದಿ
ಪ್ಲಾಟ್‌ಫಾರ್ಮ್ ವಿಷಯನೂ ಕೇಳ್ಕೊಂಡ್ ಬರ್ರಿ.